ಕೂಡ್ಲಿಗಿಗೆ ವಾಪಸ್ ಬಂದ ಡಿವೈಎಸ್ಪಿ ಮೇಡಂ ಮತ್ತೇಕೆ ಹೋದರು?

ನಮ್ಮ ಕಾಲೇಜಿನಲ್ಲಿ ಬಿ.ಇ. ಓದುವವರೆಲ್ಲ ಸಾಫ್ಟ್‌ವೇರ್ ಕಂಪನಿಗೇ ಹೋಗುತ್ತಾರೆ ಎಂದುಕೊಂಡರೆ ಅದು ತಪ್ಪು. ಬೆಂಚಿನ ಕೆಳಗೆ ಸಿಗ್ನಲ್ಸ್ ಪುಸ್ತಕದ ಜೊತೆಗೇ ಕೆಪಿಎಸ್‌ಸಿ ಪ್ರಶ್ನೋತ್ತರದ ಪುಸ್ತಕ ಇಟ್ಟುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಅದರಲ್ಲೂ ಹುಡುಗಿಯರನ್ನು ‘ಏನಾಗಬೇಕು ಅಂತಿದ್ದೀಯಾ?’ ಎಂದು ಕೇಳಿ ನೋಡಿ. ಪಿಎಸ್‌ಐ, ಡಿವೈಎಸ್ಪಿ, ಐಪಿಎಸ್ ಎಂಬ ಉತ್ತರ ಮೊದಲಿಗಿಂತ ಧೈರ್ಯವಾಗಿ ಬರುತ್ತದೆ. ಖಾಕಿ ಬಟ್ಟೆ, ಹೆಗಲ ಮೇಲೆ ನಕ್ಷತ್ರ, ಮುಂದೆ ಜೀಪು. ಮೊಬೈಲ್‌ನಲ್ಲಿ ಓಡುವ ರೀಲ್ಸ್‌ಗಳೂ ಅಷ್ಟಕ್ಕೇ ನಿಲ್ಲುತ್ತವೆ.

ಹುದ್ದೆ ಸಿಕ್ಕ ಮೇಲೆ ಏನು? ಈ ಪ್ರಶ್ನೆಯನ್ನು ಯಾವ ಕೋಚಿಂಗ್ ಸೆಂಟರ್‌ನಲ್ಲೂ ಕೇಳುವುದಿಲ್ಲ. ಅದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಟಿ.ಬಿ. ಡ್ಯಾಂನಿಂದ ಹೊಸಪೇಟೆ ದಾಟಿ ಹೆದ್ದಾರಿ ಹಿಡಿದರೆ ಸಿಗುವ ಕೂಡ್ಲಿಗಿಯಲ್ಲೇ, 2016ರಲ್ಲಿ, ಒಬ್ಬ ಮಹಿಳಾ ಅಧಿಕಾರಿಯ ವೃತ್ತಿಜೀವನ ಐದೇ ತಿಂಗಳಲ್ಲಿ ಮೇಲೆ ಕೆಳಗೆ ಆಗಿ ಮುಗಿದೂ ಹೋಯಿತು. ಅವರ ಹೆಸರು ಅನುಪಮಾ ಶೆಣೈ. ಆಗ ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿದ್ದೆವು. ಈಗ ನೌಕರಿಯ ಹೊಸ್ತಿಲಲ್ಲಿ ನಿಂತಿರುವುದರಿಂದ ಆ ಕಥೆಯನ್ನು ಮತ್ತೊಮ್ಮೆ ಓದಬೇಕು ಅನಿಸಿತು.

ಸಣ್ಣ ಊರಿನ ದೊಡ್ಡ ಅಧಿಕಾರಿ

ಮೊದಲು ಊರಿನ ಬಗ್ಗೆ ಎರಡು ಮಾತು. ಕೂಡ್ಲಿಗಿ ಅಂದು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ನಮ್ಮ ಹೊಸಪೇಟೆಯ ಜೊತೆ ಬಂತು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಡ್ಯಾಂನ ಕಾಲುವೆ ನೀರು ಹೊಸಪೇಟೆ, ಕಂಪ್ಲಿ ಭಾಗದಲ್ಲಿ ಭತ್ತ, ಬಾಳೆ, ಕಬ್ಬು ಬೆಳೆಸುತ್ತದೆ. ಕೂಡ್ಲಿಗಿಯದು ಮಳೆ ನೆಚ್ಚಿದ ನೆಲ, ಶೇಂಗಾ ಬೆಳೆಯುವ ಸೀಮೆ. ಗುಡೇಕೋಟೆಯ ಕರಡಿಧಾಮ ಇರುವುದೂ ಇದೇ ತಾಲ್ಲೂಕಿನಲ್ಲಿ.

ಇಂಥ ಊರಿನಲ್ಲಿ ಡಿವೈಎಸ್ಪಿ ಎಂದರೆ ಜನರ ಕಣ್ಣಿಗೆ ಪೊಲೀಸ್ ಇಲಾಖೆಯೇ ಅವರು. ಎಸ್ಪಿ ಕೂರುವುದು ಜಿಲ್ಲಾ ಕೇಂದ್ರದಲ್ಲಿ. ಉಪವಿಭಾಗದ ಎಲ್ಲ ಠಾಣೆ, ಸರ್ಕಲ್‌ಗಳ ಮೇಲೆ ಇರುವವರು ಡಿವೈಎಸ್ಪಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ ಎಂದರೆ ಜನ ಬರುವುದು ಇವರ ಬಾಗಿಲಿಗೆ. ಇನ್ನೊಂದು ಸಂಗತಿ ಪರೀಕ್ಷೆಗೆ ಓದುವವರಿಗೆ ಗೊತ್ತಿರಬೇಕು: ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳನ್ನು ಡಿವೈಎಸ್ಪಿಗಿಂತ ಕೆಳಗಿನ ದರ್ಜೆಯವರು ತನಿಖೆ ಮಾಡುವಂತಿಲ್ಲ ಎಂದು 1995ರ ನಿಯಮಗಳು ಹೇಳುತ್ತವೆ. ಸಣ್ಣ ಊರಿನ ಬಲವಿಲ್ಲದವನ ದೂರು ಕೊನೆಗೆ ಬಂದು ನಿಲ್ಲುವುದು ಈ ಒಂದು ಮೇಜಿನ ಮೇಲೆ. ಆ ಮೇಜಿನ ಹಿಂದೆ ಯಾರು ಕೂತಿದ್ದಾರೆ, ಎಷ್ಟು ದಿನ ಕೂರುತ್ತಾರೆ ಎನ್ನುವುದು ಅವನ ಪಾಲಿಗೆ ಸಣ್ಣ ವಿಷಯವಲ್ಲ.

ಉಡುಪಿ ಜಿಲ್ಲೆಯ ಉಚ್ಚಿಲ ಕಡೆಯ ಅನುಪಮಾ ಶೆಣೈ ಬಂದು ಕೂತದ್ದು ಈ ಕುರ್ಚಿಯಲ್ಲಿ. ಕರಾವಳಿಯಿಂದ ಬಯಲುಸೀಮೆಗೆ ಬಂದ ಹೆಣ್ಣುಮಗಳು. ಇಲ್ಲಿ ಅವರಿಗೆ ಜಾತಿಯ ಬಲವಿಲ್ಲ, ನೆಂಟರ ಬಲವಿಲ್ಲ. ಇದ್ದದ್ದು ಹುದ್ದೆ ಒಂದೇ.

ಹೋಲ್ಡ್‌ನಲ್ಲಿಟ್ಟ ಒಂದು ಕರೆ

2016ರ ಜನವರಿಯಲ್ಲಿ ಅವರನ್ನು ವಿಜಯಪುರ ಜಿಲ್ಲೆಯ ಇಂಡಿಗೆ ವರ್ಗ ಮಾಡಲಾಯಿತು. ವರ್ಗಾವಣೆ ಎಂದರೆ ಸರ್ಕಾರಿ ನೌಕರಿಯಲ್ಲಿ ನಿತ್ಯದ ಮಾತು, ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೆ ಈ ವರ್ಗಾವಣೆಯ ಹಿಂದೆ ಒಂದು ಫೋನ್ ಕರೆ ಇದೆ ಎಂಬ ಸುದ್ದಿ ಹೊರಬಿತ್ತು. ಆಗ ಕಾರ್ಮಿಕ ಸಚಿವರೂ ಜಿಲ್ಲಾ ಉಸ್ತುವಾರಿಯೂ ಆಗಿದ್ದ ಪಿ.ಟಿ. ಪರಮೇಶ್ವರ ನಾಯ್ಕ ಅವರ ಕರೆಯನ್ನು ಹೋಲ್ಡ್‌ನಲ್ಲಿಟ್ಟು ಬೇರೆ ಕರೆಗೆ ಉತ್ತರಿಸಿದ್ದೇ ತಪ್ಪಾಯಿತು ಎಂಬುದು ಆ ಸುದ್ದಿ. ವರ್ಗ ಮಾಡಿಸಿದ್ದು ತಾವೇ ಎಂಬ ಅರ್ಥ ಬರುವಂತೆ ಸಚಿವರು ಮಾತನಾಡಿದ ದೃಶ್ಯವೂ ಟಿವಿಗಳಲ್ಲಿ ಬಂತು. ರಾಜ್ಯವೆಲ್ಲ ಕೂಡ್ಲಿಗಿಯ ಹೆಸರು ಕೇಳಿತು.

ಆಮೇಲೆ ನಡೆದದ್ದು ಅಪರೂಪ. ಕೂಡ್ಲಿಗಿಯ ಜನ ಬೀದಿಗೆ ಬಂದರು. ಸಾಮಾನ್ಯವಾಗಿ ನಮ್ಮ ಕಡೆ ‘ಈ ಅಧಿಕಾರಿ ಬೇಡ’ ಎಂದು ಧರಣಿ ಕೂರುತ್ತಾರೆ. ಇಲ್ಲಿ ‘ಇವರೇ ಬೇಕು’ ಎಂದು ಕೂತರು. ಸರ್ಕಾರ ಆದೇಶ ರದ್ದು ಮಾಡಿತು. ಮೇಡಂ ಕೂಡ್ಲಿಗಿಗೇ ವಾಪಸ್ ಬಂದರು.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಜನರ ಗೆಲುವು, ಜೈಕಾರ, ಕೊನೆಯ ಹಾಡು. ನೌಕರಿಯಲ್ಲಿ ಹಾಗಲ್ಲ. ಮರುದಿನ ಬೆಳಿಗ್ಗೆ ಅದೇ ಆಫೀಸು, ಅದೇ ಫೈಲು, ಅದೇ ಮೇಲಧಿಕಾರಿಗಳು, ಅದೇ ರಾಜಕಾರಣ. ಜನ ತಮ್ಮ ತಮ್ಮ ಹೊಲ, ಅಂಗಡಿಗೆ ಹೋಗಿರುತ್ತಾರೆ. ವಾಪಸ್ ಬಂದ ಅಧಿಕಾರಿ ಒಬ್ಬರೇ ಉಳಿಯುತ್ತಾರೆ.

ಜೂನ್ 4

ಐದು ತಿಂಗಳೂ ಕಳೆಯಲಿಲ್ಲ. ಕೂಡ್ಲಿಗಿಯಲ್ಲಿ ಅಂಬೇಡ್ಕರ್ ಭವನಕ್ಕೆ ಹೋಗುವ ದಾರಿಗೆ ಮದ್ಯದಂಗಡಿಯೊಂದರ ಕಟ್ಟಡದಿಂದ ತೊಂದರೆಯಾಗುತ್ತಿದೆ ಎಂಬ ವಿವಾದ ಎದ್ದಿತು. ಪೊಲೀಸರು ಕೆಲವರನ್ನು ಬಂಧಿಸಿದರು. ಆಗ ಡಿವೈಎಸ್ಪಿ ವಿರುದ್ಧವೇ ಪ್ರತಿಭಟನೆ ನಡೆಯಿತು. ಜನವರಿಯಲ್ಲಿ ಅವರಿಗಾಗಿ ಘೋಷಣೆ ಕೂಗಿದ ಊರಿನಲ್ಲೇ ಜೂನ್‌ನಲ್ಲಿ ಅವರ ವಿರುದ್ಧವೂ ಘೋಷಣೆ ಕೇಳಿತು. 2016ರ ಜೂನ್ 4ರಂದು ಅನುಪಮಾ ಶೆಣೈ ರಾಜೀನಾಮೆ ಪತ್ರ ಕಳಿಸಿದರು.

ದಿನಾಂಕವನ್ನು ಗಮನಿಸಿ. ರಾಜ್ಯದ ಪೊಲೀಸರು ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳದ ವಿಷಯಕ್ಕೆ ಸಾಮೂಹಿಕ ರಜೆ ಹಾಕುವುದಾಗಿ ಕರೆ ಕೊಟ್ಟಿದ್ದೂ ಅದೇ ಜೂನ್ 4ಕ್ಕೆ. ಮರು ತಿಂಗಳು, ಜುಲೈನಲ್ಲಿ, ರಾಜ್ಯದಲ್ಲಿ ಡಿವೈಎಸ್ಪಿ ದರ್ಜೆಯ ಇಬ್ಬರು ಅಧಿಕಾರಿಗಳು ಕೆಲವೇ ದಿನಗಳ ಅಂತರದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮೂರೂ ಬೇರೆ ಬೇರೆ ಘಟನೆಗಳು, ಕಾರಣಗಳೂ ಬೇರೆ. ಆದರೆ ನಾವು ಆಸೆಪಡುವ ಆ ಖಾಕಿಯ ಒಳಗೆ ಎಷ್ಟು ಒತ್ತಡ ಇದೆ ಎನ್ನುವುದನ್ನು ಆ ಎರಡು ತಿಂಗಳು ತೋರಿಸಿದವು.

ರಾಜೀನಾಮೆಯ ನಂತರ ಶೆಣೈ ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಸಚಿವರನ್ನು ಪ್ರಶ್ನಿಸುವ ಪೋಸ್ಟ್‌ಗಳು ಬಂದು ದಿನಗಟ್ಟಲೆ ಚರ್ಚೆಯಾಯಿತು. ಇಷ್ಟೆಲ್ಲ ಗದ್ದಲದ ನಡುವೆ ಸರ್ಕಾರ ರಾಜೀನಾಮೆ ಅಂಗೀಕರಿಸಿತು. ಅದೇ ಜೂನ್‌ನಲ್ಲಿ ನಡೆದ ಸಂಪುಟ ಪುನಾರಚನೆಯಲ್ಲಿ ಪರಮೇಶ್ವರ ನಾಯ್ಕ ಸಚಿವ ಸ್ಥಾನ ಕಳೆದುಕೊಂಡರು. ಅಂದು ಹದಿನಾಲ್ಕು ಮಂದಿ ಸಚಿವರನ್ನು ಕೈಬಿಟ್ಟಿದ್ದರಿಂದ ಇದೊಂದೇ ಕಾರಣ ಎನ್ನಲಾಗದು.

ಇಲ್ಲಿ ಒಂದು ವ್ಯತ್ಯಾಸ ಇದೆ. ವರ್ಗಾವಣೆ ಆದೇಶ ಸರ್ಕಾರದ್ದು, ಜನ ಕೂಗಿದರೆ ಸರ್ಕಾರ ಅದನ್ನು ವಾಪಸ್ ಪಡೆಯಬಹುದು. ರಾಜೀನಾಮೆ ಪತ್ರ ಅಧಿಕಾರಿಯದೇ. ಅಂಗೀಕಾರ ಆಗುವ ಮೊದಲು ಅವರೇ ಹಿಂದಕ್ಕೆ ಪಡೆದರೆ ಸರಿ, ಅಂಗೀಕಾರವಾದ ಮೇಲೆ ಯಾವ ಧರಣಿಯೂ ಅದನ್ನು ಹರಿದುಹಾಕಲಾರದು. ಜನವರಿಯಲ್ಲಿ ಕೂಡ್ಲಿಗಿಯ ಜನರ ಕೈಯಲ್ಲಿದ್ದ ಶಕ್ತಿ ಜೂನ್‌ನಲ್ಲಿ ಇರಲಿಲ್ಲ.

ಶೆಣೈ ಮುಂದೆ ರಾಜಕೀಯಕ್ಕೆ ಬಂದರು. 2017ರ ನವೆಂಬರ್‌ನಲ್ಲಿ ಭಾರತೀಯ ಜನಶಕ್ತಿ ಕಾಂಗ್ರೆಸ್ ಎಂಬ ಪಕ್ಷ ಕಟ್ಟಿದರು. 2018ರ ವಿಧಾನಸಭಾ ಚುನಾವಣೆಯಲ್ಲಿ ತವರು ಕಡೆಯ ಕಾಪು ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಅಧಿಕಾರಿಯಾಗಿ ಸಿಕ್ಕ ಚಪ್ಪಾಳೆ ಮತವಾಗಿ ಬದಲಾಗಲಿಲ್ಲ.

ಉಳಿದುಕೊಂಡವರು

ಅವರು ರಾಜೀನಾಮೆ ಕೊಟ್ಟದ್ದು ಸರಿಯೇ, ತಪ್ಪೇ? ನಮ್ಮ ಹಾಸ್ಟೆಲ್‌ನಲ್ಲಿ ಈ ವಿಷಯ ಬಂದಾಗ ಎರಡು ಗುಂಪಾಯಿತು. ‘ಮಾನ ಮರ್ಯಾದೆ ಬಿಟ್ಟು ಕುರ್ಚಿಗೆ ಅಂಟಿಕೊಳ್ಳೋದಕ್ಕಿಂತ ಬಿಟ್ಟು ಬರೋದೇ ಮೇಲು’ ಎಂದಳು ಒಬ್ಬಳು. ‘ಅವರು ಹೋದ್ರೆ ಯಾರಿಗೆ ಲಾಭ ಹೇಳು? ಕಳಿಸಬೇಕು ಅಂತಿದ್ದೋರಿಗೇ ಅಲ್ವಾ?’ ಎಂದಳು ಇನ್ನೊಬ್ಬಳು. ಆ ಕುರ್ಚಿಯಲ್ಲಿ ಕೂರದ ನಾವು ತೀರ್ಪು ಕೊಡುವುದು ಸುಲಭ. ಹಾಗಾಗಿ ತೀರ್ಪು ಬೇಡ. ಬೇರೆಯವರು ಏನು ಮಾಡಿದರು ಎಂದು ನೋಡೋಣ.

ದಾವಣಗೆರೆಯ ಡಿ. ರೂಪಾ 2000ನೇ ಬ್ಯಾಚಿನ ಐಪಿಎಸ್ ಅಧಿಕಾರಿ. 2017ರ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದಾಗ, ಪರಪ್ಪನ ಅಗ್ರಹಾರ ಜೈಲಿನಲ್ಲಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ ಅವರನ್ನು ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗಕ್ಕೆ ವರ್ಗ ಮಾಡಲಾಯಿತು. ಅವರು ಹೋದರು, ಆದರೆ ಇಲಾಖೆ ಬಿಡಲಿಲ್ಲ. ಸರ್ಕಾರ ನೇಮಿಸಿದ ವಿನಯ್ ಕುಮಾರ್ ಸಮಿತಿ ತನಿಖೆ ಮಾಡಿ, ವಿಶೇಷ ಸೌಲಭ್ಯ ಸಿಕ್ಕಿದ್ದು ನಿಜ ಎಂದು ಹೇಳಿತು.

ಸೋನಿಯಾ ನಾರಂಗ್ 2015ರಲ್ಲಿ ಲೋಕಾಯುಕ್ತದ ಎಸ್ಪಿ. ಲೋಕಾಯುಕ್ತ ಕಚೇರಿಯ ಹೆಸರಿನಲ್ಲೇ ಅಧಿಕಾರಿಯೊಬ್ಬರಿಂದ ಒಂದು ಕೋಟಿ ರೂಪಾಯಿ ಲಂಚ ಕೇಳಲಾಗಿದೆ ಎಂದು ಅವರು ಬರೆದ ಪತ್ರದಿಂದ ಇಡೀ ಸಂಸ್ಥೆ ಅಲುಗಾಡಿತು. ಲೋಕಾಯುಕ್ತರ ಮಗನ ಬಂಧನವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೋಕಾಯುಕ್ತ ವೈ. ಭಾಸ್ಕರ ರಾವ್ ರಾಜೀನಾಮೆ ಕೊಟ್ಟರು. ಪತ್ರ ಬರೆದವರು ಸೇವೆಯಲ್ಲೇ ಇದ್ದರು.

ಇನ್ನು ಮೇಲಿನ ಮೆಟ್ಟಿಲು. ಕರ್ನಾಟಕ ಕೇಡರ್‌ಗೆ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾಗಿ ಜೀಜಾ ಹರಿಸಿಂಗ್ ಬಂದದ್ದು 1975ರ ಬ್ಯಾಚಿನಲ್ಲಿ. ರಾಜ್ಯ ಪೊಲೀಸ್ ಮುಖ್ಯಸ್ಥೆಯ ಕುರ್ಚಿಯಲ್ಲಿ ಮೊದಲ ಬಾರಿಗೆ ಮಹಿಳೆ, ನೀಲಮಣಿ ಎನ್. ರಾಜು, ಕೂತದ್ದು 2017ರ ಅಕ್ಟೋಬರ್ 31ರಂದು. ನಡುವೆ ನಲವತ್ತೆರಡು ವರ್ಷ. ಇಲಾಖೆಗೆ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಕೊನೆಯವರೆಗೆ ಉಳಿಯುತ್ತಾರೋ ಅಷ್ಟು ಮಂದಿಯಲ್ಲೇ ಮುಂದಿನ ಮುಖ್ಯಸ್ಥೆಯನ್ನು ಹುಡುಕಬೇಕು.

ರಾಜೀನಾಮೆಯ ವಿಷಯದಲ್ಲಿ ನಮ್ಮ ಗಣಿ ಸೀಮೆಗೆ ನೆನಪಿರಲೇಬೇಕಾದ ಇನ್ನೊಂದು ಪ್ರಸಂಗ ಇದೆ. 2010ರಲ್ಲಿ ಬೇಲೇಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಕಬ್ಬಿಣದ ಅದಿರು ಮಾಯವಾಯಿತು. ಜಪ್ತಿ ಮಾಡಿದ ಅರಣ್ಯ ಅಧಿಕಾರಿ ಆರ್. ಗೋಕುಲ್ ಅವರನ್ನು ಅಮಾನತು ಮಾಡಲು ಹೊರಟದ್ದನ್ನು ವಿರೋಧಿಸಿ ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಕೆಲವು ದಿನಗಳ ನಂತರ ಅದನ್ನು ಹಿಂದಕ್ಕೆ ಪಡೆದರು. ಹಾಗೆ ಉಳಿದುಕೊಂಡಿದ್ದರಿಂದಲೇ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಅವರ ಸಹಿಯೊಂದಿಗೆ ಹೊರಬಂತು, ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. ಸಂಡೂರು, ಹೊಸಪೇಟೆಯ ಗುಡ್ಡಗಳ ಕಥೆ ಅಧಿಕೃತವಾಗಿ ದಾಖಲಾಗಲು ಒಂದು ವಾಪಸ್ ಪಡೆದ ರಾಜೀನಾಮೆ ಕಾರಣವಾಯಿತು ಎಂದರೆ ತಪ್ಪಲ್ಲ.

ಆದರೆ ಇವರನ್ನೆಲ್ಲ ತೋರಿಸಿ ‘ನೋಡಿ, ಇವರು ಉಳಿದರು, ಕೂಡ್ಲಿಗಿಯವರು ಏಕೆ ಉಳಿಯಲಿಲ್ಲ’ ಎನ್ನುವುದು ನ್ಯಾಯವಲ್ಲ. ರಾಜಧಾನಿಯಲ್ಲಿ ಕೂತ ಐಪಿಎಸ್ ಅಧಿಕಾರಿಯ ಸುತ್ತ ಕ್ಯಾಮೆರಾಗಳಿರುತ್ತವೆ, ಬ್ಯಾಚಿನ ಸಹೋದ್ಯೋಗಿಗಳಿರುತ್ತಾರೆ. ಲೋಕಾಯುಕ್ತರ ಸ್ಥಾನಕ್ಕೆ ಕಾನೂನಿನ ಕಾವಲಿದೆ. ತಾಲ್ಲೂಕು ಕೇಂದ್ರದ ಡಿವೈಎಸ್ಪಿಗೆ ಏನಿದೆ?

ಇರುವ ನಿಯಮ, ಇಲ್ಲದ ಅಭ್ಯಾಸ

ಕಾಗದದ ಮೇಲೆ ಕಾವಲು ಇದೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ಪ್ರತಿ ರಾಜ್ಯದಲ್ಲೂ ಒಂದು ಪೊಲೀಸ್ ಸಿಬ್ಬಂದಿ ಮಂಡಳಿ ಇರಬೇಕು. ಡಿಜಿಪಿ ಮತ್ತು ನಾಲ್ವರು ಹಿರಿಯ ಅಧಿಕಾರಿಗಳು ಅದರಲ್ಲಿರಬೇಕು. ಡಿವೈಎಸ್ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆಯನ್ನು ಈ ಮಂಡಳಿಯೇ ನಿರ್ಧರಿಸಬೇಕು. ಸರ್ಕಾರ ಮಧ್ಯೆ ಬರುವುದಾದರೆ ಅದು ತೀರಾ ಅಪರೂಪಕ್ಕೆ, ಅದೂ ಕಾರಣವನ್ನು ಬರೆದಿಟ್ಟು. ಠಾಣಾಧಿಕಾರಿಯಿಂದ ಹಿಡಿದು ಎಸ್ಪಿ, ಐಜಿಪಿವರೆಗೆ ಕ್ಷೇತ್ರದ ಹೊಣೆ ಹೊತ್ತವರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು ಎಂದೂ ಅದೇ ತೀರ್ಪು ಹೇಳಿತು.

ಗಮನಿಸಿ, ಆ ತೀರ್ಪಿನಲ್ಲಿ ಗೆರೆ ಎಳೆದದ್ದೇ ಡಿವೈಎಸ್ಪಿ ದರ್ಜೆಗೆ. ತೀರ್ಪು ಬಂದು ಒಂಬತ್ತು ವರ್ಷ ಕಳೆದ ಮೇಲೂ ಕೂಡ್ಲಿಗಿಯ ಡಿವೈಎಸ್ಪಿಯ ವರ್ಗಾವಣೆ ಒಂದು ಫೋನ್ ಕರೆಯಿಂದ ಆಯಿತು ಎಂದು ಇಡೀ ರಾಜ್ಯ ಸಲೀಸಾಗಿ ನಂಬಿತು. ‘ಹಾಗೆಲ್ಲ ಆಗಲು ಸಾಧ್ಯವೇ ಇಲ್ಲ, ಮಂಡಳಿ ಇದೆಯಲ್ಲ’ ಎಂದು ಯಾರಿಗೂ ಅನಿಸಲಿಲ್ಲ. ನನಗೆ ಹೆಚ್ಚು ಚಿಂತೆಯಾಗುವುದು ಈ ನಂಬಿಕೆಯ ಬಗ್ಗೆ. ನಿಯಮ ಇದ್ದೂ ಜನ ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದರೆ ಆ ನಿಯಮ ಬಳಕೆಗೆ ಬಂದಿಲ್ಲ ಎಂದೇ ಅರ್ಥ.

ಡ್ಯಾಂ ಪಕ್ಕದಲ್ಲೇ ಇರುವವಳಾಗಿ ಇದನ್ನು ನನಗೆ ಗೊತ್ತಿರುವ ರೀತಿಯಲ್ಲಿ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆಗ ಯಾರೂ ‘ಆ ಗೇಟ್‌ಗೆ ಧೈರ್ಯ ಸಾಲದೆ ಹೋಯಿತು’ ಎನ್ನಲಿಲ್ಲ. ಚೈನ್ ಎಷ್ಟು ಹಳೆಯದು, ಅದನ್ನು ನೋಡಿಕೊಳ್ಳುತ್ತಿದ್ದವರು ಯಾರು, ಅದು ತುಂಡಾದರೆ ತಡೆಯಲು ಎರಡನೇ ವ್ಯವಸ್ಥೆ ಏನಿತ್ತು ಎಂದು ಕೇಳಿದೆವು. ಕೊನೆಗೆ ಎಲ್ಲ ಗೇಟ್‌ಗಳನ್ನೂ ಬದಲಿಸಬೇಕು ಎಂದು ತಜ್ಞರು ಹೇಳಿದರು. ಒಬ್ಬ ಅಧಿಕಾರಿ ಹೊರಹೋದಾಗ ಮಾತ್ರ ನಾವು ಚೈನ್ ಬಗ್ಗೆ ಕೇಳುವುದಿಲ್ಲ. ‘ಅವರದು ಸ್ವಲ್ಪ ಜೋರು ಸ್ವಭಾವ’, ‘ಹೊಂದಿಕೊಂಡು ಹೋಗಬೇಕಿತ್ತು’ ಎನ್ನುತ್ತೇವೆ. ಹೆಣ್ಣಾದರೆ ‘ಹೆಣ್ಣುಮಗಳಿಗೆ ಇಷ್ಟು ಹಟ ಬೇಕಿತ್ತಾ’ ಎಂಬ ಇನ್ನೊಂದು ಮಾತು ಸೇರುತ್ತದೆ. ಒಬ್ಬರ ಎದೆಗಾರಿಕೆಯ ಮೇಲೆ ಉಪವಿಭಾಗದ ಕಾನೂನು ನಿಂತಿದೆ ಎಂದರೆ ತೊಂದರೆ ಇರುವುದು ಕಟ್ಟಿದ ರೀತಿಯಲ್ಲೇ.

ನಮಗೇನು?

ನೌಕರಿಯ ಬಾಗಿಲಿನ ಕಥೆ ನಮಗೆಲ್ಲ ಗೊತ್ತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಲು 2024ರ ಜನವರಿ ಬಂತು. ನೆಟ್ಟಗೆ ಓದಿ ಪಾಸಾಗಿದ್ದವರು ಕಳೆದುಕೊಂಡ ಆ ವರ್ಷಗಳನ್ನು ಯಾರೂ ವಾಪಸ್ ಕೊಡಲಾರರು. ಹಾಗಾಗಿ ‘ಮೊದಲು ಒಳಗೆ ಹೋಗೋಣ, ಮಿಕ್ಕಿದ್ದು ಆಮೇಲೆ’ ಎನ್ನುವುದು ಸಹಜ.

ಆದರೂ ಮಿಕ್ಕಿದ್ದನ್ನು ಈಗಲೇ ಯೋಚಿಸುವುದು ಒಳ್ಳೆಯದು. ಹುದ್ದೆಗೆ ಓದುವವರು ಸೇವಾ ನಿಯಮಗಳನ್ನೂ ಓದಲಿ. ಪ್ರಕಾಶ್ ಸಿಂಗ್ ತೀರ್ಪು ಬರೀ ಎರಡು ಅಂಕದ ಪ್ರಶ್ನೆ ಅಲ್ಲ, ನಾಳೆ ನಿಮ್ಮನ್ನೇ ಕಾಯಬೇಕಾದ ಕಾಗದ. ಬಾಯಿಮಾತಿನ ಆದೇಶ ಬಂದರೆ ಬರವಣಿಗೆಯಲ್ಲಿ ಕೊಡಿ ಎಂದು ಗೌರವದಿಂದಲೇ ಕೇಳುವ ಅಭ್ಯಾಸ, ನಡೆದದ್ದನ್ನು ಅಂದಂದೇ ದಾಖಲೆ ಮಾಡುವ ಅಭ್ಯಾಸ ಇರಲಿ. ರೂಪಾ ಅವರದು ಒಂದು ವರದಿ, ನಾರಂಗ್ ಅವರದು ಒಂದು ಪತ್ರ. ಇಬ್ಬರದೂ ಬರೆದಿಟ್ಟ ಮಾತು, ಆದ್ದರಿಂದಲೇ ಅದು ಅಳಿಸಿಹೋಗಲಿಲ್ಲ. ಸಿಟ್ಟು ಬಂದ ದಿನ ರಾಜೀನಾಮೆ ಬರೆಯುವ ಮೊದಲು, ನಾನು ಹೋದ ಮೇಲೆ ಈ ಮೇಜಿನ ಮುಂದೆ ಬಂದು ನಿಲ್ಲುವವನಿಗೆ ಯಾರಿದ್ದಾರೆ ಎಂದು ಒಮ್ಮೆ ಕೇಳಿಕೊಳ್ಳಲಿ. ಅಷ್ಟಾಗಿಯೂ ಹೋಗಬೇಕು ಅನಿಸಿದರೆ ಹೋಗುವ ಹಕ್ಕು ಇದ್ದೇ ಇದೆ.

ಹುದ್ದೆಗೆ ಹೋಗದೆ ಊರಿನಲ್ಲೇ ಉಳಿಯುವವರಿಗೂ ಕೆಲಸ ಇದೆ. 2016ರ ಜನವರಿಯಲ್ಲಿ ಕೂಡ್ಲಿಗಿಯ ಜನ ಮಾಡಿದ್ದು ಸಣ್ಣ ಸಾಧನೆಯಲ್ಲ. ಒಂದು ತಾಲ್ಲೂಕು ಕೇಂದ್ರ ಕೂಗಿ ವಿಧಾನಸೌಧದ ಆದೇಶವನ್ನು ತಿರುಗಿಸಿತು. ಆದರೆ ಅಂದು ಅವರು ಕೇಳಿದ್ದು ಒಬ್ಬ ಅಧಿಕಾರಿಯನ್ನು. ಕೇಳಬೇಕಾಗಿದ್ದು ಇನ್ನೂ ಒಂದಿತ್ತು: ಈ ಕುರ್ಚಿಯಲ್ಲಿ ಯಾರೇ ಕೂತರೂ, ಹೆಣ್ಣಿರಲಿ ಗಂಡಿರಲಿ, ಅವಧಿ ಮುಗಿಯುವ ಮೊದಲು ಎತ್ತುವುದಾದರೆ ಕಾರಣವನ್ನು ಬರೆದು ತೋರಿಸಿ ಎಂದು. ಮೇಡಂ ಇಂದು ಇರುತ್ತಾರೆ, ನಾಳೆ ಹೋಗುತ್ತಾರೆ. ಆ ಪ್ರಶ್ನೆಯನ್ನು ಕೇಳುವ ರೂಢಿ ಊರಿಗೆ ಬಂದರೆ ಮುಂದೆ ಬರುವ ಮೇಡಂಗೆ ಅದೇ ಬಲ.

ನಮ್ಮ ಬೆಂಚಿನಲ್ಲಿ ಕೆಪಿಎಸ್‌ಸಿಗೆ ಓದುತ್ತಿರುವವರಲ್ಲಿ ಒಬ್ಬಳು ನಾಳೆ ಯಾವುದೋ ಊರಿನ ಡಿವೈಎಸ್ಪಿ ಆಗಬಹುದು. ಅದು ಕೂಡ್ಲಿಗಿಯೇ ಆಗಬಹುದು. ಅವಳ ಫೋನಿಗೂ ಒಂದು ದಿನ ದೊಡ್ಡವರ ಕರೆ ಬಂದೇ ಬರುತ್ತದೆ. ಆಗ ಅವಳು ಇನ್ನೊಂದು ಕರೆಯಲ್ಲಿದ್ದರೆ, ‘ಸ್ವಲ್ಪ ಹೊತ್ತು ಇರಿ ಸರ್’ ಎಂದು ಹೇಳಿ ತನ್ನ ಕೆಲಸ ಮುಗಿಸುವಂತಾಗಬೇಕು. ಮರುದಿನವೂ ಅವಳು ಅದೇ ಕುರ್ಚಿಯಲ್ಲಿ ಇರಬೇಕು.

– ಬಿ.ಇ. ವಿದ್ಯಾರ್ಥಿನಿ, ಟಿ.ಬಿ. ಡ್ಯಾಂ, ಹೊಸಪೇಟೆ